ಕುಂಡದ ಆಂಥೂರಿಯಂ ಮತ್ತು ಮೂರನೆಯ ವರ್ಷದ ಕುಂಡ ಬದಲಾವಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕೊಡಗು ಮತ್ತು ಮಲೆನಾಡಿನ ಹಳ್ಳಿಗಳಲ್ಲಿ ಆಂಥೂರಿಯಂ ಅಪರಿಚಿತ ಗಿಡವಲ್ಲ. ಮನೆಯ ಜಗಲಿಯ ಅಂಚಿನಲ್ಲಿ, ಕೊಟ್ಟಿಗೆಯ ಮಗ್ಗುಲಿನ ನೆರಳಿನಲ್ಲಿ, ಬಾವಿಕಟ್ಟೆಯ ಬಳಿ ಎರಡು ಮೂರು ಕುಂಡಗಳಾದರೂ ಇರುವ ಮನೆಗಳು ಬಹಳ. ಅಲ್ಲಿಂದ ಮುಂದುವರಿದು, ಮಹಿಳಾ ಸ್ವಸಹಾಯ ಸಂಘಗಳು ನೆರಳು ಪರದೆಯ ಕೆಳಗೆ ನೂರಾರು ಕುಂಡಗಳನ್ನಿಟ್ಟು ಹೂವು ಮಾರುವುದೂ ಉಂಟು. ಇಂಥ ಘಟಕಕ್ಕೆ ನೆರವು ಕೋರಿದ ಅರ್ಜಿ ಪಂಚಾಯತಿಯ ಮುಂದೆ ಬಂದಾಗ ಅದರಲ್ಲಿ ಕಂಬ, ಪರದೆ, ಕುಂಡ, ಸಸಿ, ಗೊಬ್ಬರ, ನೀರಿನ ಪೈಪು ಇವುಗಳ ಖರ್ಚು ವಿವರವಾಗಿ ಬರೆದಿರುತ್ತದೆ. ಮೂರನೆಯ ವರ್ಷದಲ್ಲಿ ಕುಂಡದೊಳಗಿನದನ್ನೆಲ್ಲ ಹೊರಗೆ ಸುರಿದು ಹೊಸದಾಗಿ ತುಂಬಬೇಕಾದ ಖರ್ಚನ್ನು ಮಾತ್ರ ಬರೆಯಲು ಮರೆಯುತ್ತಾರೆ. ಘಟಕ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಆ ಬರೆಯದ ಸಾಲಿನಿಂದಲೇ ನಿರ್ಧಾರವಾಗುತ್ತದೆ. ಆದುದರಿಂದ ಇಂದಿನ ಉಪನ್ಯಾಸ ಆ ಒಂದು ಕೆಲಸಕ್ಕೆ ಸೀಮಿತವಾಗಿದೆ.

ಮೊದಲು ಗಿಡದ ಸ್ವಭಾವವನ್ನು ತಿಳಿಯಬೇಕು. ಆಂಥೂರಿಯಂ ಕೆಸುವಿನ ಕುಟುಂಬಕ್ಕೆ ಸೇರಿದುದು; ಸುವರ್ಣಗೆಡ್ಡೆಯೂ ಇದರ ಬಂಧುವೇ. ಇದರ ತವರು ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಎಕ್ವಡಾರ್ ದೇಶಗಳ ಮಳೆಕಾಡು. ಫ್ರಾನ್ಸಿನ ಸಸ್ಯಪ್ರೇಮಿ ಎಡ್ವರ್ಡ್ ಆಂಡ್ರೆ 1876ರಲ್ಲಿ ಇದನ್ನು ಕೊಲಂಬಿಯಾದಲ್ಲಿ ಕಂಡನು. ಅವನ ಹೆಸರೇ ಇದರ ಸಸ್ಯಶಾಸ್ತ್ರೀಯ ನಾಮದಲ್ಲಿ ಉಳಿದಿದೆ. ತವರಿನ ಕಾಡಿನಲ್ಲಿ ಇದರ ಬೇರುಗಳು ಮರದ ತೊಗಟೆಯ ಮೇಲೋ, ಉದುರಿದ ಎಲೆಗಳ ಸಡಿಲ ರಾಶಿಯಲ್ಲೋ ಹರಡಿಕೊಂಡಿರುತ್ತವೆ. ಸೀತಾಳೆ ಗಿಡವನ್ನು ಮರದ ಮೇಲೆ ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೇರಿಗೆ ತೇವವೂ ಬೇಕು, ಗಾಳಿಯೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಗಿಡ ಸೊರಗುತ್ತದೆ. ಗದ್ದೆಯ ಮಣ್ಣು ತುಂಬಿದ ಕುಂಡದಲ್ಲಿ ಇದು ಏಳಿಗೆಯಾಗದಿರುವುದಕ್ಕೆ ಕಾರಣ ಇಷ್ಟೇ.

ಹೂವೆಂದು ಮಾರಲಾಗುವ ಕೆಂಪು, ಗುಲಾಬಿ ಅಥವಾ ಬಿಳಿಯ ಹೊಳೆಯುವ ಭಾಗ ವಾಸ್ತವವಾಗಿ ಬಣ್ಣ ತಾಳಿದ ಒಂದು ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಸಾಸಿವೆಯಂತೆ ಒತ್ತಾಗಿ ಕೂತಿರುತ್ತವೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪ್ರತಿಯೊಂದು ಎಲೆಯ ಬುಡದಿಂದ ಒಂದೇ ಒಂದು ಹೂವು ಹೊರಡುತ್ತದೆ. ಹೊಸ ಎಲೆ ಬಾರದಿದ್ದರೆ ಹೊಸ ಹೂವೂ ಇಲ್ಲ. ಒಂದು ಗಿಡಕ್ಕೆ ವರ್ಷಕ್ಕೆ ಆರು ಹೂವೆಂದು ಹಿಡಿದರೂ ಇನ್ನೂರು ಕುಂಡಗಳ ಘಟಕದಲ್ಲಿ 1,200 ಹೂವು ಸಿಗಬೇಕು. ಎಲೆ ಬರುವ ವೇಗ ಅರ್ಧಕ್ಕಿಳಿದರೆ ಹೂವಿನ ಲೆಕ್ಕವೂ ಅರ್ಧಕ್ಕಿಳಿಯುತ್ತದೆ. ಸಾಲದ ಕಂತು ಮಾತ್ರ ಅಷ್ಟೇ ಇರುತ್ತದೆ.

ಈಗ ಕುಂಡದೊಳಗೆ ಮೂರು ವರ್ಷಗಳಲ್ಲಿ ನಡೆಯುವುದೇನೆಂದು ನೋಡಬಹುದು. ನೆಡುವಾಗ ತುಂಬಿದ ತೆಂಗಿನ ಸಿಪ್ಪೆಯ ತುಂಡುಗಳು ಮೊದಲ ವರ್ಷ ಗಟ್ಟಿಯಾಗಿರುತ್ತವೆ. ಅವುಗಳ ನಡುವಿನ ಸಂದುಗಳಲ್ಲಿ ಗಾಳಿ ಆಡುತ್ತದೆ. ಎರಡನೆಯ ಮಳೆಗಾಲ ಕಳೆಯುವ ಹೊತ್ತಿಗೆ ಸಿಪ್ಪೆ ಮೆತ್ತಗಾಗಿ, ಮೂರನೆಯ ವರ್ಷ ಪುಡಿಯಾಗಿ ಕೆಳಗೆ ಇಳಿಯುತ್ತದೆ. ಆ ಪುಡಿ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಅದೇ ಅವಧಿಯಲ್ಲಿ ಗಿಡದ ಕಾಂಡ ಮೇಲಕ್ಕೆ ಬೆಳೆದು, ಕೆಳಗಿನ ಎಲೆಗಳು ಉದುರಿ, ಬೋಳು ಕಾಂಡದ ಮೇಲೆ ಗೆಣ್ಣುಗೆಣ್ಣಿಗೂ ಬೇರಿನ ಮೊಳಕೆಗಳು ಕಾಣಿಸಿಕೊಳ್ಳುತ್ತವೆ. ಆ ಬೇರುಗಳಿಗೆ ಇಳಿಯಲು ನೆಲೆ ಸಿಗದೆ ತುದಿ ಒಣಗಿ ನಿಂತುಬಿಡುತ್ತವೆ. ಕೆಳಗಿನ ಬೇರು ಉಸಿರುಗಟ್ಟಿದೆ, ಮೇಲಿನ ಬೇರಿಗೆ ನೀರಿಲ್ಲ. ಗಿಡ ನೆಲದಿಂದ ಒಂದು ಗೇಣು ಮೇಲೆ ತೂಗಾಡುತ್ತ, ಸಣ್ಣ ಎಲೆ, ಗಿಡ್ಡ ದಂಟು, ಅಂಗೈಯ ಅರ್ಧದಷ್ಟು ಹೂವು ಬಿಡತೊಡಗುತ್ತದೆ.

ಈ ಹಂತದಲ್ಲಿ ಸಂಘದವರು ಸಾಮಾನ್ಯವಾಗಿ ಮಾಡುವುದು ಎರಡು. ಒಂದು, ನೀರು ಹೆಚ್ಚಿಸುವುದು. ಅದರಿಂದ ಕೊಳೆತ ಬೇರು ಇನ್ನಷ್ಟು ಕೊಳೆಯುತ್ತದೆ. ಇನ್ನೊಂದು, ಗೊಬ್ಬರ ಹೆಚ್ಚಿಸುವುದು. ಹೀರುವ ಬೇರೇ ಇಲ್ಲದ ಕುಂಡದಲ್ಲಿ ಗೊಬ್ಬರದ ಉಪ್ಪು ಉಳಿದು ಕುಂಡದ ಅಂಚಿನಲ್ಲಿ ಬಿಳಿಯ ಪೊರೆಯಾಗಿ ಕಾಣುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಕೊನೆಗೆ ಗಿಡಕ್ಕೆ ವಯಸ್ಸಾಯಿತು, ತಳಿಯೇ ಸರಿಯಿಲ್ಲ ಎಂಬ ತೀರ್ಮಾನ ಬರುತ್ತದೆ. ಹೊಸ ಸಸಿಗಾಗಿ ಮತ್ತೊಂದು ಅರ್ಜಿ ಪಂಚಾಯತಿಗೆ ಬರುತ್ತದೆ. ಆ ಅರ್ಜಿಗೆ ಅನುಮೋದನೆ ನೀಡುವ ಮೊದಲು ಸದಸ್ಯರು ಒಂದು ಕುಂಡವನ್ನು ಮಗುಚಿ ನೋಡುವುದು ಲೇಸು. ಗಟ್ಟಿಯಾದ, ಬಿಳುಪಾದ, ಕಡ್ಡಿಯಂತೆ ದಪ್ಪನೆಯ ಬೇರು ಆರೋಗ್ಯದ ಗುರುತು. ಬೆರಳಲ್ಲಿ ಹಿಡಿದೆಳೆದರೆ ಹೊರಸಿಪ್ಪೆ ಕಳಚಿ ನೂಲಿನಂಥ ಎಳೆ ಮಾತ್ರ ಉಳಿಯುವ ಕಂದು ಬೇರು ಕೊಳೆತ ಬೇರು. ಅಂಥ ಬೇರಿನ ನಡುವೆ ಕಾಂಡ ಇನ್ನೂ ಗಟ್ಟಿಯಾಗಿದ್ದರೆ ಹೊಸ ಸಸಿಯ ಅಗತ್ಯವಿಲ್ಲ, ಹೊಸ ಕುಂಡವಿದ್ದರೆ ಸಾಕು. ಈ ಗಿಡ ಹಲವು ವರ್ಷ ಬಾಳುವ ನಿತ್ಯಹಸುರಿನ ಜಾತಿಯದು. ಮೂರು ವರ್ಷ ಅದಕ್ಕೆ ಮುಪ್ಪಲ್ಲ.

ಕಾಲದ ವಿಷಯದಲ್ಲಿ ಎಚ್ಚರ ಅಗತ್ಯ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಕುಂಡ ಬದಲಿಸಬಾರದು. ಕತ್ತರಿಸಿದ ಬೇರಿನ ಗಾಯ ಒಣಗುವುದಿಲ್ಲ, ರೋಗ ಹನಿಯಿಂದ ಹನಿಗೆ ಹಾರುತ್ತದೆ. ಡಿಸೆಂಬರ್, ಜನವರಿಯ ಚಳಿರಾತ್ರಿಗಳಲ್ಲಿ ಗಿಡ ಬೆಳವಣಿಗೆಯನ್ನು ನಿಲ್ಲಿಸಿರುತ್ತದೆ. ಚಳಿ ಸಡಿಲವಾಗುವ ಫೆಬ್ರವರಿಯ ಕೊನೆ ಮತ್ತು ಮಾರ್ಚ್ ತಿಂಗಳು ಹದವಾದ ಕಾಲ. ಮುಂಗಾರು ಬರುವಷ್ಟರಲ್ಲಿ ಹೊಸ ಬೇರು ಇಳಿದಿರುತ್ತದೆ. ಆ ತಿಂಗಳುಗಳಲ್ಲಿ ನೀರಿನ ಕೊರತೆಯ ಮಾತು ಸಭೆಯಲ್ಲಿ ಎದ್ದರೆ ಲೆಕ್ಕ ಹೇಳಬಹುದು: ಒಂದು ಕುಂಡಕ್ಕೆ ದಿನಕ್ಕೆ ಅರ್ಧ ಲೀಟರಿನಂತೆ ಇನ್ನೂರು ಕುಂಡಕ್ಕೆ ನೂರು ಲೀಟರ್, ಅಂದರೆ ಏಳೆಂಟು ಕೊಡ ನೀರು.

ಫೆಬ್ರವರಿಯಲ್ಲಿ ಮಾಡುವ ಕೆಲಸಕ್ಕೆ ಸಿದ್ಧತೆ ಮಾತ್ರ ಹಿಂದಿನ ಮೇ ತಿಂಗಳಲ್ಲಿ ಆರಂಭವಾಗಬೇಕು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನ ಅಂಶವೂ ಒಗರಿನ ಅಂಶವೂ ಇರುತ್ತವೆ. ಹಸಿ ಸಿಪ್ಪೆಯನ್ನು ಹಾಗೆಯೇ ತುಂಬಿದರೆ ಎಳೆಯ ಬೇರು ಸುಡುತ್ತದೆ. ಪೇಟೆಯಿಂದ ತೊಳೆದ ಸಿಪ್ಪೆ ತರಿಸಬಹುದು, ಆದರೆ ಮಲೆನಾಡಿಗೆ ಅದರ ಅವಶ್ಯಕತೆಯಿಲ್ಲ. ಮೇ ತಿಂಗಳಲ್ಲಿ ಊರಿನ ಸಿಪ್ಪೆಯನ್ನು ಸಂಗ್ರಹಿಸಿ, ಕಲ್ಲುಹಾಸಿನ ಮೇಲೋ ಹಲಗೆಯ ಮೇಲೋ ಬಯಲಿನಲ್ಲಿ ಹರಡಿದರೆ ನಾಲ್ಕು ತಿಂಗಳ ಮಳೆಯೇ ಅದನ್ನು ಪುಕ್ಕಟೆಯಾಗಿ ತೊಳೆಯುತ್ತದೆ. ಆ ಕಾಲ ತಪ್ಪಿದವರು ಸಿಪ್ಪೆಯ ತುಂಡುಗಳನ್ನು ತೊಟ್ಟಿಯಲ್ಲಿ ನೆನೆಹಾಕಿ ನೀರು ಬದಲಿಸುತ್ತ ಹೋಗಬೇಕು. ಮೊದಲ ದಿನ ಬಸಿದ ನೀರು ಕಾಫಿ ಡಿಕಾಕ್ಷನ್ನಿನಂತೆ ಕಪ್ಪಾಗಿರುತ್ತದೆ. ಅದು ತಿಳಿಯಾಗುವವರೆಗೆ ನಿಲ್ಲಿಸಬಾರದು. ಜನವರಿಯಲ್ಲಿ ಸಿಪ್ಪೆಯನ್ನು ಎರಡರಿಂದ ನಾಲ್ಕು ಸೆಂಟಿಮೀಟರ್ ಉದ್ದದ ತುಂಡುಗಳಾಗಿ ಕತ್ತರಿಸಿ, ಬಚ್ಚಲ ಹಂಡೆಯಲ್ಲಿ ಕುದಿಸಿದ ನೀರನ್ನು ಅದರ ಮೇಲೆ ಸುರಿದು ಬಸಿದಿಟ್ಟುಕೊಳ್ಳಬೇಕು.

ಪಂಚಾಯತಿಯ ವ್ಯವಹಾರಕ್ಕೂ ಈ ಕಾಲಗಣನೆಗೂ ಹೊಂದಿಕೆಯಾಗದಿರುವುದೇ ತೊಡಕು. ಅನೇಕ ವೇಳೆ ಕ್ರಿಯಾ ಯೋಜನೆ ಅನುಮೋದನೆಯಾಗಿ ಹಣ ಕೈಸೇರುವಾಗ ಮಳೆ ಸುರಿಯುತ್ತಿರುತ್ತದೆ. ಹಣ ಬಂದ ಕೂಡಲೇ ಕೆಲಸ ಮುಗಿಸಿ ಬಿಲ್ಲು ಒಪ್ಪಿಸುವ ಆತುರದಲ್ಲಿ ಜುಲೈ ತಿಂಗಳಲ್ಲಿ ಕುಂಡಗಳನ್ನು ಮಗುಚಿಹಾಕುತ್ತಾರೆ. ಇಲ್ಲವೇ ಮಾರ್ಚ್ ಕೊನೆಯ ವಾರದ ನೂಕುನುಗ್ಗಲಿನಲ್ಲಿ ಸಿಕ್ಕ ಸಿಪ್ಪೆಯನ್ನು ತೊಳೆಯದೆ ತುಂಬುತ್ತಾರೆ. ಬೇಸಿಗೆಯ ಸಭೆಯಲ್ಲಿಯೇ ಸಂಘಗಳಿಂದ ಸಿಪ್ಪೆ, ಇದ್ದಿಲು, ಕುಂಡಗಳ ಬೇಡಿಕೆಯನ್ನು ಪಡೆದು, ಕೆಲಸವನ್ನು ಫೆಬ್ರವರಿಗೆ ನಿಗದಿಪಡಿಸಿ ನಡಾವಳಿಯಲ್ಲಿ ದಾಖಲಿಸಿದರೆ ಈ ತೊಡಕು ತಪ್ಪುತ್ತದೆ.

ಇನ್ನು ಕುಂಡ ಬದಲಾವಣೆಯ ಕ್ರಮ. ಹಿಂದಿನ ಸಂಜೆ ಕುಂಡಕ್ಕೆ ನೀರುಣಿಸಬೇಕು. ಒಣಗಿದ ಬೇರು ಮುರಿಯುತ್ತದೆ, ತೇವದ ಬೇರು ಬಾಗುತ್ತದೆ. ಕುಂಡವನ್ನು ಅಡ್ಡ ಮಲಗಿಸಿ ಸುತ್ತಲೂ ತಟ್ಟಿ, ಕಾಂಡದ ಬುಡ ಹಿಡಿದು ಮೆಲ್ಲಗೆ ಹೊರತೆಗೆಯಬೇಕು. ದಂಟು ಹಿಡಿದೆಳೆದರೆ ದಂಟೇ ಕೈಗೆ ಬರುತ್ತದೆ. ಹಳೆಯ ಪುಡಿಯನ್ನು ಉದುರಿಸಿ, ಉಳಿದುದನ್ನು ನೀರಿನಿಂದ ತೊಳೆದು, ಕಂದು ಬೇರುಗಳನ್ನೆಲ್ಲ ಕತ್ತರಿಸಿ ತೆಗೆಯಬೇಕು. ಬಿಳಿಯ ಬೇರು ಉದ್ದವಾಗಿದ್ದರೂ ಅದನ್ನು ಮುಟ್ಟಬಾರದು, ಕುಂಡದಲ್ಲಿ ಸುರುಳಿ ಸುತ್ತಿ ಕೂರಿಸಬಹುದು. ಬುಡದಲ್ಲಿ ಸ್ವಂತ ಬೇರು ಬಿಟ್ಟ ಕಂದುಗಳಿದ್ದರೆ, ಮೂರು ನಾಲ್ಕು ಎಲೆ ಆದವನ್ನು ಮಾತ್ರ ಬೇರ್ಪಡಿಸಿ ಪುಟ್ಟ ಕುಂಡಕ್ಕೆ ಹಾಕಬೇಕು. ಬಾಳೆಯ ಕಂದನ್ನು ಕಿತ್ತು ನೆಟ್ಟು ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ.

ಕುಂಡ ಹಿಂದಿನದಕ್ಕಿಂತ ಎರಡು ಅಂಗುಲದಷ್ಟು ಅಗಲವಾಗಿದ್ದರೆ ಸಾಕು. ಬೇರು ಬಹಳಷ್ಟು ಕೊಳೆತು ಹೋಗಿದ್ದರೆ ಅದೇ ಅಳತೆಯ ಕುಂಡವೇ ಉತ್ತಮ. ದೊಡ್ಡ ಕುಂಡ ಕೊಟ್ಟರೆ ಗಿಡ ದೊಡ್ಡದಾಗುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಬೇರು ತಲುಪದ ಜಾಗದಲ್ಲಿ ನೀರು ನಿಂತು ಹುಳಿಯುತ್ತದೆ, ಅಷ್ಟೇ. ಮಿಶ್ರಣಕ್ಕೆ ಮೂರು ಪಾಲು ಸಿಪ್ಪೆಯ ತುಂಡು, ಒಂದು ಪಾಲು ಕಟ್ಟಿಗೆಯ ಇದ್ದಿಲಿನ ಚೂರು, ಒಂದು ಪಾಲು ಇಟ್ಟಿಗೆಯ ಚೂರು ಹದವಾಗಿ ಹೊಂದುತ್ತವೆ. ಹಸಿ ಸಗಣಿ ಗೊಬ್ಬರವಾಗಲಿ ತೋಟದ ಮಣ್ಣಾಗಲಿ ಬೇಡ. ತಳದ ರಂಧ್ರದ ಮೇಲೆ ಒಂದು ಹೆಂಚಿನ ಚೂರನ್ನು ಬೋರಲಾಗಿ ಇಟ್ಟು, ಗಿಡವನ್ನು ನಡುವೆ ಹಿಡಿದು, ಸುತ್ತಲೂ ಮಿಶ್ರಣವನ್ನು ಸುರಿಯುತ್ತ ಕುಂಡವನ್ನು ತಟ್ಟಬೇಕು. ಬೆರಳಿನಿಂದ ಒತ್ತಿ ಗಿಡಿಯಬಾರದು. ಬೋಳು ಕಾಂಡವೂ ಅದರ ಮೇಲಿನ ಬೇರಿನ ಮೊಳಕೆಗಳೂ ಮಿಶ್ರಣದೊಳಗೆ ಹುದುಗಿರಬೇಕು, ಎಲೆಗಳು ಹೊರಡುವ ಸುಳಿ ಮಾತ್ರ ಮೇಲಿರಬೇಕು. ಸುಳಿ ಮುಚ್ಚಿದರೆ ಅದು ಕೊಳೆಯುತ್ತದೆ, ಕಾಂಡ ಮುಚ್ಚದಿದ್ದರೆ ಪಟ್ಟ ಶ್ರಮ ವ್ಯರ್ಥ.

ಕಾಂಡ ತೀರ ಉದ್ದವಾಗಿದ್ದರೆ ಅದನ್ನು ಎರಡಾಗಿ ಕತ್ತರಿಸಬಹುದು. ಎರಡು ಮೂರು ಗಾಳಿಬೇರುಗಳಿರುವ ಮೇಲ್ತುದಿ ಹೊಸ ಗಿಡವಾಗುತ್ತದೆ. ಹಳೆಯ ಕುಂಡದಲ್ಲಿ ಉಳಿದ ಮೋಟು ಕೆಲವು ತಿಂಗಳಲ್ಲಿ ಮತ್ತೆ ಚಿಗುರುತ್ತದೆ. ಬೇರಿಲ್ಲದ ತುದಿಯನ್ನು ಆಸೆಯಿಂದ ಕತ್ತರಿಸಬಾರದು.

ಈ ಕೆಲಸದಲ್ಲಿ ಅತ್ಯಂತ ಅಪಾಯಕಾರಿಯಾದ ವಸ್ತು ಚೂರಿ. ಆಂಥೂರಿಯಂಗೆ ದುಂಡಾಣು ಅಂಗಮಾರಿ ರೋಗವೆಂಬ ಮಾರಿಯಿದೆ. ಎಲೆಯ ಅಂಚಿನಲ್ಲಿ, ವಿಶೇಷವಾಗಿ ತಳಬದಿಯಲ್ಲಿ, ನೀರು ನೆನೆದಂಥ ಚುಕ್ಕೆಗಳು ಮೂಡಿ ಕಂದಾಗಿ, ಸುತ್ತಲೂ ಹಳದಿ ಬಳೆ ಕಟ್ಟುತ್ತದೆ. ರೋಗ ಕಾಂಡಕ್ಕಿಳಿದ ಮೇಲೆ ಹಳೆಯ ಎಲೆಗಳು ಹಳದಿಯಾಗಿ, ತೊಟ್ಟು ಮುಟ್ಟಿದರೆ ಬುಡದಿಂದ ಕಳಚುತ್ತದೆ. ಕಾಂಡವನ್ನು ಸೀಳಿದರೆ ಕಂದು ಗೆರೆಗಳು ಕಾಣುತ್ತವೆ. ಆ ಹಂತದ ಗಿಡವನ್ನು ಉಳಿಸುವ ಔಷಧವಿಲ್ಲ. 1889ರಲ್ಲಿ ಹವಾಯಿ ದ್ವೀಪಗಳಿಗೆ ತಲುಪಿ ಅಲ್ಲಿನ ಸಣ್ಣ ಹಿಡುವಳಿದಾರರ ಜೀವನೋಪಾಯವೇ ಆಗಿದ್ದ ಈ ಬೆಳೆಯನ್ನು 1980ರ ದಶಕದಲ್ಲಿ ಇದೇ ರೋಗ ಹಾಳುಗೆಡವಿತು. ಅನೇಕ ಬೆಳೆಗಾರರು ಕೃಷಿಯನ್ನೇ ಬಿಟ್ಟರು. ರೋಗ ಹರಡುವ ಮುಖ್ಯ ದಾರಿಗಳು ಮೂರು: ಸೋಂಕಿನ ಸಸಿ, ಎಲೆಯಿಂದ ಎಲೆಗೆ ಸಿಡಿಯುವ ನೀರು, ಮತ್ತು ಒಂದು ಗಿಡ ಕೊಯ್ದು ಒರೆಸದೆ ಇನ್ನೊಂದು ಗಿಡಕ್ಕೆ ಹಚ್ಚಿದ ಚೂರಿ. ಇನ್ನೂರು ಗಿಡಗಳ ಬೇರನ್ನು ಒಂದೇ ಚೂರಿಯಿಂದ ಒಂದೇ ದಿನ ಕತ್ತರಿಸುವುದೆಂದರೆ, ಮೊದಲ ಸಾಲಿನ ಒಂದು ಗಿಡದ ರೋಗವನ್ನು ಕೊನೆಯ ಸಾಲಿನವರೆಗೆ ಕೈಯಾರೆ ಹಂಚಿದಂತೆ.

ಇದರ ನಿವಾರಣೆಗೆ ಬೇಕಾದ ವಸ್ತು ಪ್ರತಿ ಪಂಚಾಯತಿಯ ದಾಸ್ತಾನಿನಲ್ಲೇ ಇದೆ. ಕುಡಿಯುವ ನೀರಿನ ಟ್ಯಾಂಕಿಗೆ ಬಳಸುವ ಬ್ಲೀಚಿಂಗ್ ಪೌಡರ್ 30 ಗ್ರಾಂ, ನೀರು ಒಂದು ಲೀಟರ್, ಇವುಗಳನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಚೂರಿ ಅದ್ದುವ ದ್ರಾವಣ ಸಿದ್ಧ. ಒಬ್ಬರ ಬಳಿ ಕನಿಷ್ಠ ಎರಡು ಚೂರಿಗಳಿರಬೇಕು; ಒಂದು ಕೈಯಲ್ಲಿದ್ದರೆ ಇನ್ನೊಂದು ದ್ರಾವಣದಲ್ಲಿರಬೇಕು, ಗಿಡದಿಂದ ಗಿಡಕ್ಕೆ ಚೂರಿ ಬದಲಾಗಬೇಕು. ದ್ರಾವಣವನ್ನು ಆಯಾ ದಿನವೇ ತಯಾರಿಸಬೇಕು, ಕೊಳೆಯಾದರೆ ಚೆಲ್ಲಬೇಕು. ಪುಡಿ ಹಳತಾಗಿ ಘಾಟು ಕಳೆದುಕೊಂಡಿದ್ದರೆ ಪ್ರಯೋಜನವಿಲ್ಲ. ಹಾಗಿದ್ದಲ್ಲಿ ಅದು ನೀರಿನ ಟ್ಯಾಂಕಿಗೂ ಪ್ರಯೋಜನವಿಲ್ಲವೆಂಬುದನ್ನು ನೀರಗಂಟಿಯವರ ಗಮನಕ್ಕೆ ತರುವುದು ಒಳಿತು. ಸಂಘಕ್ಕೆ ಪುಡಿ ಕೊಟ್ಟಾಗ ದಾಸ್ತಾನು ವಹಿಯಲ್ಲಿ ನಮೂದಿಸಬೇಕು. ಸಂಜೆ ಚೂರಿಗಳನ್ನು ತೊಳೆದು ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ.

ಮೊದಲು ಆರೋಗ್ಯವಂತ ಗಿಡಗಳನ್ನು ಮುಗಿಸಿ, ಅನುಮಾನವಿರುವವನ್ನು ಕೊನೆಗೆ ಮುಟ್ಟಬೇಕು. ರೋಗದ ಗುರುತು ಸ್ಪಷ್ಟವಾಗಿದ್ದ ಗಿಡವನ್ನು ಕುಂಡದಲ್ಲಿನ ಮಿಶ್ರಣದೊಡನೆ ಚೀಲಕ್ಕೆ ಹಾಕಿ ದೂರದಲ್ಲಿ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಒಂದು ಗಿಡ ಸುಡುವುದಕ್ಕೆ ಸಂಕಟಪಟ್ಟು ಮೂಲೆಯಲ್ಲಿಟ್ಟವರು ಇಡೀ ಘಟಕ ಕಳೆದುಕೊಳ್ಳುವ ಸಂಭವವಿದೆ. ಅಲಂಕಾರಕ್ಕೆಂದು ತರುವ ಡೈಫೆನ್‌ಬೇಕಿಯಾ, ಸಿಂಗೋನಿಯಂ, ಕ್ಯಾಲೇಡಿಯಂ ಮುಂತಾದ ಅದೇ ಕುಟುಂಬದ ಗಿಡಗಳೂ ಈ ರೋಗವನ್ನು ಹೊತ್ತು ತರಬಲ್ಲವು. ಪರದೆಯ ಕೆಳಗೆ ಅವುಗಳಿಗೆ ಜಾಗ ಕೊಡಬಾರದು. ಒಂದು ಊರಿನ ಸಂಘ ಇನ್ನೊಂದು ಊರಿನ ಸಂಘಕ್ಕೆ ಕಂದು ಕೊಡುವುದು ಒಳ್ಳೆಯ ಸಂಪ್ರದಾಯವೇ; ಆದರೆ ಬಂದ ಕಂದುಗಳನ್ನು ಕೆಲವು ತಿಂಗಳು ಪ್ರತ್ಯೇಕವಾಗಿಟ್ಟು ನೋಡಿದ ನಂತರವೇ ಉಳಿದವುಗಳ ಜೊತೆ ಸೇರಿಸಬೇಕು.

ಕುಂಡ ಬದಲಿಸಿದ ಗಿಡ ಎರಡು ಮೂರು ತಿಂಗಳು ಹೂವು ಕೊಡುವುದಿಲ್ಲ. ಎಲ್ಲ ಇನ್ನೂರು ಕುಂಡಗಳನ್ನೂ ಒಂದೇ ವಾರದಲ್ಲಿ ಬದಲಿಸಿದ ಸಂಘಕ್ಕೆ ಅಷ್ಟು ಕಾಲ ಆದಾಯವೇ ಇರುವುದಿಲ್ಲ, ಕಂತು ತಪ್ಪುತ್ತದೆ. ಆದುದರಿಂದ ಘಟಕವನ್ನು ಮೂರು ಪಾಲಾಗಿಸಿ, ಎರಡನೆಯ ವರ್ಷದ ಕೊನೆಯಿಂದ ವರ್ಷಕ್ಕೊಂದು ಪಾಲಿನಂತೆ ಬದಲಿಸುವುದು ಜಾಣತನ. ಎಲ್ಲಕ್ಕಿಂತ ಸೊರಗಿದ ಗಿಡಗಳು ಮೊದಲ ಪಾಲಿಗೆ ಬರಲಿ. ವರ್ಷಕ್ಕೆ ಸುಮಾರು 67 ಕುಂಡ. ಹತ್ತು ಅಂಗುಲದ ಒಂದು ಕುಂಡಕ್ಕೆ ಸುಮಾರು 8 ಲೀಟರ್ ಮಿಶ್ರಣ ಹಿಡಿಯುತ್ತದೆಂದರೆ ಒಟ್ಟು 540 ಲೀಟರಿನಷ್ಟು. ಅದರಲ್ಲಿ ಕತ್ತರಿಸಿದ ಸಿಪ್ಪೆಯ ಪಾಲು ಐದಾರು ಗೊಬ್ಬರದ ಚೀಲ. ಗಂಟೆಗೆ ನಾಲ್ಕೈದು ಕುಂಡದಂತೆ ಮೂವರು ಮಹಿಳೆಯರು ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸ. ಸಿಪ್ಪೆ ಕತ್ತರಿಸುವುದಕ್ಕೆ ಬೇರೆಯಾಗಿ ಒಂದೆರಡು ದಿನ ಹಿಡಿಯಬೇಕು. ಅರ್ಜಿಯಲ್ಲಿ ಬರೆಯಲು ಮರೆತ ಸಾಲಿನ ಗಾತ್ರ ಇಷ್ಟೇ. ಪ್ರತಿ ಕುಂಡದ ಹೊರಮೈಯಲ್ಲಿ ಬದಲಾಯಿಸಿದ ವರ್ಷವನ್ನು ಬಣ್ಣದಲ್ಲಿ ಬರೆದರೆ, ಪದಾಧಿಕಾರಿಗಳು ಬದಲಾದರೂ ಲೆಕ್ಕ ತಪ್ಪುವುದಿಲ್ಲ.

ನೆಟ್ಟ ದಿನ ಒಮ್ಮೆ ಧಾರಾಳವಾಗಿ ನೀರು ಹಾಕಿ ಬಸಿಯಲು ಬಿಡಬೇಕು. ಅನಂತರ ಎರಡು ವಾರ ಇನ್ನಷ್ಟು ದಟ್ಟ ನೆರಳಿನಲ್ಲಿಟ್ಟು, ಮಿಶ್ರಣದ ಮೇಲ್ಪದರ ಆರಿದಾಗ ಮಾತ್ರ ಬುಡಕ್ಕೆ ನೀರು ಕೊಡಬೇಕು, ಎಲೆಯ ಮೇಲೆ ಸುರಿಯಬಾರದು. ಸುತ್ತಲಿನ ನೆಲವನ್ನು ಒದ್ದೆಯಾಗಿಟ್ಟರೆ ಬೇಕಾದ ತಂಪು ತಾನಾಗಿ ಸಿಗುತ್ತದೆ. ಒಂದೂವರೆ ತಿಂಗಳು ಯಾವ ಗೊಬ್ಬರವೂ ಬೇಡ. ಮೂಡಿದ ಮೊಗ್ಗನ್ನು ಮುರಿದುಹಾಕಬೇಕು. ಇದಕ್ಕೆ ಸಂಘದವರ ಮನಸ್ಸು ಒಪ್ಪುವುದು ಕಷ್ಟ, ಆದರೆ ಆ ಒಂದು ಹೂವಿಗೆ ಹೋಗುವ ಶಕ್ತಿ ಬೇರಿಗೆ ಹೋಗಬೇಕಾಗಿದೆ. ಕುಂಡಗಳನ್ನು ನೆಲದ ಮೇಲಿಡದೆ ಇಟ್ಟಿಗೆಯ ಮೇಲೋ ಕಟ್ಟೆಯ ಮೇಲೋ ಇಟ್ಟರೆ ಮಣ್ಣಿನ ಸಿಡಿತವೂ ಬಸವನಹುಳುವಿನ ಕಾಟವೂ ಕಡಿಮೆ.

ಕೆಸು ಹೆಚ್ಚುವಾಗ ಕೈ ತುರಿಸುವುದನ್ನು ಅರಿಯದವರಿಲ್ಲ. ಆಂಥೂರಿಯಂನ ರಸದಲ್ಲಿಯೂ ಅದೇ ಬಗೆಯ ಸೂಜಿಯಂಥ ಹರಳುಗಳಿವೆ. ಬೇರು ಕತ್ತರಿಸುವವರು ಕೈಗವಸು ತೊಡಬೇಕು, ಆ ಕೈಯಿಂದ ಕಣ್ಣು ಮುಟ್ಟಬಾರದು. ಎಲೆ ಜಗಿದ ಮಗುವಿನ ಬಾಯಿ, ನಾಲಗೆ ಉರಿದು ಊದಿಕೊಳ್ಳುತ್ತದೆ. ಪಂಚಾಯತಿ ಕಟ್ಟಡದ ಅಂದಕ್ಕೆಂದು ಇಟ್ಟ ಕುಂಡಗಳು ಹಳತಾದಾಗ ಅವನ್ನು ಅಂಗನವಾಡಿಗೆ ಸಾಗಿಸುವ ರೂಢಿ ಕೆಲವೆಡೆ ಇದೆ. ಅಲ್ಲಿ ಅವು ಮಕ್ಕಳ ಕೈಗೆಟಕುವ ಜಗಲಿಯ ಮೇಲೆ ಕೂರುತ್ತವೆ. ಹಾಗೆ ಈಗಾಗಲೇ ಕಳುಹಿಸಿದ ಕುಂಡಗಳಿದ್ದರೆ, ಸದಸ್ಯರು ತಮ್ಮ ತಮ್ಮ ವಾರ್ಡಿನ ಅಂಗನವಾಡಿ ಕಾರ್ಯಕರ್ತೆಯರೊಡನೆ ಮಾತನಾಡಿ ಈ ವಾರದಲ್ಲಿಯೇ ಅವನ್ನು ಹಿಂದಕ್ಕೆ ತರಿಸಿಕೊಳ್ಳತಕ್ಕದ್ದು.